ತಾಯಪ್ಪ, ಸಲಹೆಗಾರರು

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಬಾಬುಸಾಬನ ಚಹಾದ ಹೋಟೆಲು, ಹೋಟೆಲಿನ ಎದುರಿಗೆ ಒಂದು ಕಲ್ಲಿನ ಕಟ್ಟೆ. ಕಾಲುವೆ ನೀರು ಬಂದು, ಭತ್ತ ಬೆಳೆದು, ಅಕ್ಕಿ ಗಿರಣಿಗಳು ಸಾಲಾಗಿ ಎದ್ದ ಮೇಲೆ ಊರಿಗೆ ಕೈಕೆಲಸದವರ ಅಗತ್ಯ ಹೆಚ್ಚಿತು. ಕೈಕೆಲಸದವರಿಗೆ ಕೂಡಲು ಒಂದು ಜಾಗ ಬೇಕಾಯಿತು. ಎಂಬತ್ತೆರಡು, ಎಂಬತ್ತಮೂರರ ಹೊತ್ತಿಗೆ ಈ ಕಟ್ಟೆಯೇ ಆ ಜಾಗವಾಗಿತ್ತು. ಮುಂಜಾನೆ ಎಲ್ಲರೂ ತಮ್ಮ ತಮ್ಮ ಸಾಮಾನು ಮುಂದಿಟ್ಟುಕೊಂಡು ಕೂಡುವರು. ಗರಗಸ ಇದ್ದರೆ ಬಡಿಗ, ಗಾರೆಯ ಕರಣೆ ಇದ್ದರೆ ಗೌಂಡಿ, ಹೆಗಲ ಮೇಲೆ ಕೊಕ್ಕೆ ಇದ್ದರೆ ಹಮಾಲಿ. ಕೆಲಸ ಇದ್ದವರು ಬಂದು ಸಾಮಾನು ನೋಡಿ, ಮುಖ ನೋಡಿ, "ನಡಿ" ಎಂದು ಕರೆದೊಯ್ಯುವರು. ಅಲ್ಲಿಗೆ ಮುಗಿಯಿತು.

ಆ ಕಟ್ಟೆಯ ಒಂದು ಮೂಲೆಯಲ್ಲಿ ತಗಡಿನ ಡಬ್ಬಿ ಇಟ್ಟುಕೊಂಡು ಕೂಡುತ್ತಿದ್ದವನು ತಾಯಪ್ಪ. ಬಳಗಾನೂರಿನವನು, ಪಂಪ್ ಸ್ಟವ್ ರಿಪೇರಿ ಮಾಡುವವನು. ತಂದೆತಾಯಿ ತೀರಿದ್ದರು, ಅಕ್ಕ ಮುದುಕಮ್ಮ ಲಿಂಗಸುಗೂರಿಗೆ ಮದುವೆಯಾಗಿ ಹೋಗಿದ್ದಳು, ಮದುವೆಯ ವಯಸ್ಸು ಅವನನ್ನು ಮಾತಾಡಿಸದೆ ದಾಟಿಹೋಗಿತ್ತು. ಒಂದು ಅಕ್ಕಿ ಗಿರಣಿಯ ಹಿಂದೆ ಒಂದು ಖೋಲಿ ಹಿಡಿದು ಒಬ್ಬನೇ ಇದ್ದ. ಸಂಜೆ ರೇಡಿಯೋದಲ್ಲಿ ವಾರ್ತೆ ಓದುವವರು "ಕೇಳುಗರಿಗೆ ನಮಸ್ಕಾರ" ಅಂದರೆ ಇವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಮಸ್ಕಾರ್ರಿ, ಬರ್ರಿ" ಎನ್ನುತ್ತಿದ್ದ. ಗೋಡೆಯಾಚೆಯ ದಾವಲ್‌ಬೀ ಇದನ್ನು ದಿನವೂ ಕೇಳಿ, ಒಂದು ದಿನ ತಡೆಯಲಾರದೆ ಅಂದಳು:

"ತಾಯಪ್ಪ, ನೀ ಪುಣ್ಯವಂತ ನೋಡಪ. ದಿನಾ ಯಾರರ ಒಬ್ರು ಬರ್ತಾರ ನಿನ್ನ ಮನಿಗೆ."

ಅಂದಿನಿಂದ ತಾಯಪ್ಪ ರೇಡಿಯೋದ ಸಪ್ಪಳ ಕಡಿಮೆ ಮಾಡಿ, ತನ್ನ ನಮಸ್ಕಾರದ ಸಪ್ಪಳ ಜಾಸ್ತಿ ಮಾಡಿದ.

ಆದರೂ ಅವನಿಗೆ ವಾರಕ್ಕೊಂದು ಹಬ್ಬ ಇತ್ತು. ಟಾಕೀಸಿನ ಗೇಟಿನ ಹತ್ತಿರ ಮಾರೆಮ್ಮ ಎಂಬ ಹೆಣ್ಣುಮಗಳು ತಳ್ಳುಗಾಡಿಯ ಮೇಲೆ ಮೆಣಸಿನಕಾಯಿ ಭಜಿ ಮಾಡುತ್ತಿದ್ದಳು. ಗಂಡ ತೀರಿಕೊಂಡವಳು, ಗಟ್ಟಿ ಗಂಟಲಿನವಳು. ಅವಳ ಸ್ಟವ್ ವಾರಕ್ಕೊಮ್ಮೆ ತಪ್ಪದೆ ಕೆಡುತ್ತಿತ್ತು.

"ತಾಯಪ್ಪ, ಬಾರೋ. ಮತ್ತ ಕೆಟ್ಟೈತಿ."

"ಏನಾಗೈತಿ?"

"ಗಾಳಿ ನಿಲ್ಲವಲ್ದು."

"ನೋಡೋಣು."

ಆಮೇಲೆ ಅರ್ಧ ತಾಸು ಅವನು ಸ್ಟವ್ ಬಿಚ್ಚುವನು, ಅವಳು ಮೆಣಸಿನಕಾಯಿ ಸೀಳುವಳು. "ಆತು" ಎಂದು ಅವನು. "ಕುಂದ್ರು, ತಿನ್ನು" ಎಂದು ಅವಳು. ಕಾಗದದ ಮೇಲೆ ನಾಲ್ಕು ಭಜಿ. ಇಷ್ಟೇ ಮಾತು, ಇದೇ ಮಾತು. ಸ್ಟವ್ ಯಾಕೆ ವಾರಕ್ಕೊಮ್ಮೆ ಕೆಡುತ್ತಿತ್ತು ಎಂಬುದನ್ನು ಓದುಗರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ: ತಾಯಪ್ಪನೇ ಕೆಡುವ ಹಾಗೆ ರಿಪೇರಿ ಮಾಡುತ್ತಿದ್ದ. ಪಂಪಿಗೆ ಹಳೇ ಚರ್ಮದ ಒಂದು ಸವೆದ ವಾಶರ್ ಹಾಕುವನು. ಅದು ಆರೇಳು ದಿನ ಬಾಳಿ, ಒಣಗಿ, ಗಾಳಿ ಬಿಡುವುದು. ಸಂಪೂರ್ಣ ರಿಪೇರಿ ಮಾಡುವುದಕ್ಕಿಂತ ಹೀಗೆ ಹದವಾಗಿ ಅರೆ ರಿಪೇರಿ ಮಾಡುವುದು ಕಷ್ಟದ ವಿದ್ಯೆ. ಆ ವಿದ್ಯೆಯಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ.

ಹೀಗಿರುವಾಗ ಕಟ್ಟೆಗೆ ಸುಧಾರಣೆ ಬಂತು.

ಹೊಸಬರು ಬಂದು ಬಂದು, "ಇಲ್ಲಿ ಗೌಂಡಿ ಯಾರು, ಬಡಿಗ ಯಾರು" ಎಂದು ಕೇಳುವುದನ್ನು ತಾಳಲಾರದೆ ಬಾಬುಸಾಬ್ ಹೋಟೆಲಿನ ಗೋಡೆಗೆ ಒಂದು ಕರಿ ಹಲಗೆ ತೂಗುಹಾಕಿದ. ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಹೆಸರು, ಕೆಲಸ. "ತಾಯಪ್ಪ, ಸ್ಟವ್." ಮಳೆ ಬಂದಾಗ ಅರ್ಧ ಊರಿನ ಕಸುಬು ತೊಳೆದುಹೋಗುತ್ತಿತ್ತು. ಆದ್ದರಿಂದ ಕೆಲವು ವರ್ಷಗಳ ಮೇಲೆ ಪೇಂಟರ್ ಗೋಪಣ್ಣನನ್ನು ಕರೆಸಿ ಎಣ್ಣೆ ಬಣ್ಣದಲ್ಲಿ ಬರೆಸಿದರು. ಬಣ್ಣದಲ್ಲಿ ಬರೆದ ಮೇಲೆ ಬರೀ ಹಮಾಲಿ, ಬರೀ ಗೌಂಡಿ ಎಂದಿದ್ದರೆ ಬಣ್ಣಕ್ಕೆ ಅವಮಾನವಲ್ಲವೆ? ಹಮಾಲರ ಮುಖಂಡ ಸೂಗಪ್ಪ 'ಸರಕು ಸಾಗಾಣಿಕೆ ನಿಪುಣರು' ಆದ. ಬಾವಿ ತೋಡುವವನು 'ಭೂಗರ್ಭ ತಜ್ಞರು' ಆದ. ಗಿರಣಿಯ ಕಾವಲುಗಾರ, ಅವನಿಗೆ ಕಟ್ಟೆಯಲ್ಲಿ ಕೆಲಸವೇ ಇರಲಿಲ್ಲ, ಆದರೂ ಬಂದು 'ಭದ್ರತಾ ಮುಖ್ಯಸ್ಥರು' ಎಂದು ಬರೆಸಿಕೊಂಡು ಹೋದ.

ಮುಂದೆ ಒಬ್ಬರು, ಇಷ್ಟೆಲ್ಲ ದೊಡ್ಡ ಪದವಿ ನಿಜವೋ ಸುಳ್ಳೋ ಯಾರಿಗೆ ಗೊತ್ತು ಅಂದರು. ಅದಕ್ಕಾಗಿ ಪ್ರತಿ ಹೆಸರಿನ ಕೆಳಗೆ 'ಈತನನ್ನು ಬಲ್ಲವರು' ಎಂದು ಬರೆಸುವ ಪದ್ಧತಿ ಬಂತು. ನೀ ನನ್ನನ್ನು ಬಲ್ಲೆ ಅಂತ ಬರೆಸು, ನಾ ನಿನ್ನನ್ನು ಬಲ್ಲೆ ಅಂತ ಬರೆಸುತ್ತೇನೆ. ಮುಖ ನೋಡದವರೆಲ್ಲ ಒಬ್ಬರನ್ನೊಬ್ಬರು ಬಲ್ಲವರಾದರು. ಸೂಗಪ್ಪನನ್ನು ಬಲ್ಲವರ ಹೆಸರು ಬರೆದು ಬರೆದು ಗೋಪಣ್ಣ ಹಲಗೆ ಮುಗಿಸಿ ಗೋಡೆಗೆ ಇಳಿದ, ಗೋಡೆ ಮುಗಿಸಿ ಹೋಟೆಲಿನ ಬಾಗಿಲಿಗೆ ಬಂದ. ತಾಯಪ್ಪನ ಹೆಸರಿನ ಕೆಳಗೆ ಮಾತ್ರ ಜಾಗ ಖಾಲಿ ಇತ್ತು. ಅವನು ಯಾರನ್ನೂ ಕೇಳಲಿಲ್ಲ, ಅವನನ್ನು ಯಾರೂ ಕೇಳಲಿಲ್ಲ. ಬಾಬುಸಾಬನೇ ಮರುಗಿ, "ಭಾಯ್, ನನ್ನ ಹೆಸರರ ಬರಸ್ತೀನಿ" ಅಂದ. ಆದರೆ ಆ ಹೊತ್ತಿಗೆ ಗೋಪಣ್ಣನ ಬಣ್ಣ ಮುಗಿದಿತ್ತು.

ತೊಂಬತ್ತೆರಡರ ಸುಮಾರಿಗೆ ಹೆಸರಿನ ಪಕ್ಕದಲ್ಲಿ ಫೋಟೋ ಬಂತು. ಫೋಟೋ ಬಂದ ಮೇಲೆ ಇಸ್ತ್ರಿ ಬಂತು. ಇಸ್ತ್ರಿ ಅಂಗಿ ಹಾಕಿಕೊಂಡವರು ಗರಗಸ, ಕರಣೆ ತರುವುದನ್ನು ಬಿಟ್ಟರು. ಯಾರ ಮುಂದೆಯೂ ಏನೂ ಇಲ್ಲದ್ದರಿಂದ ಕೆಲಸ ಕೊಡುವವರು ಬಂದು, ಇವರು ಯಾವುದೋ ಮದುವೆಗೆ ಬಸ್ಸು ಕಾಯುತ್ತಿರುವ ಬೀಗರೆಂದು ತಿಳಿದು ವಾಪಸು ಹೋಗತೊಡಗಿದರು. ಅದರಿಂದ ಕಟ್ಟೆಗೆ ನಷ್ಟವೇನೂ ಆಗಲಿಲ್ಲ. ಕೆಲಸದ ಬದಲು ಸನ್ಮಾನ ಶುರುವಾಯಿತು. ಪ್ರತಿ ಸೋಮವಾರ ಒಬ್ಬರಿಗೆ ಶಾಲು ಹೊದಿಸುವುದು. ಶಾಲು ಒಂದೇ, ಬಾಬುಸಾಬನದು. ಹೊದಿಸಿ, ಚಪ್ಪಾಳೆ ತಟ್ಟಿ, ಮಡಚಿ ಇಡುವುದು. ತೇಗದ ಗಿಡದ ಮೇಲೆ ದುಡ್ಡು ಹಾಕಿಸುವ ಸ್ಕೀಮು ಮಾರುವ ಒಬ್ಬ ಏಜೆಂಟನೂ ಬಂದು ಸೇರಿಕೊಂಡ. ಅವನು ಎಲ್ಲರನ್ನೂ ಬಲ್ಲವನಾದ.

ತಾಯಪ್ಪ ಫೋಟೋ ತೆಗೆಸಲು ಲಿಂಗಸುಗೂರಿಗೆ ಹೋದ. ಅಲ್ಲಿ ಅಕ್ಕನ ಮನೆಯೂ ಇತ್ತು, ಸ್ಟುಡಿಯೋವೂ ಇತ್ತು. ಮುದುಕಮ್ಮ ತಮ್ಮನನ್ನು ಕಂಡು ಹಿಗ್ಗಲಿಲ್ಲ.

"ನಮ್ಮ ಮೈದುನನ ಹೇಂತಿ ಅದಾಳಲ್ಲ, ನೆಗೆಣ್ಣಿ, ಆಕಿ ತಮ್ಮ ಪೋಸ್ಟಿನಾಗ ಅದಾನಂತ. ನಿನ್ನ ತಮ್ಮ ಏನ್ ಮಾಡ್ತಾನ ಅಂತ ನನ್ನ ಕೇಳ್ತಾಳ. ಏನಂತ ಹೇಳ್ಲಿ?"

"ಸ್ಟವ್ ರಿಪೇರಿ ಮಾಡ್ತಾನ ಅಂತ ಹೇಳು."

"ಹೇಳಿದ್ರ ಆಕಿ ತನ್ನ ಸ್ಟವ್ ತಂದು ಇಡ್ತಾಳ! ಏನರ ಒಂದು ದೊಡ್ಡ ಹೆಸರು ಬರಸಲೇ. ಎಲ್ಲಾರೂ ಬರಸ್ಯಾರ, ನಿನಗೇನು ಧಾಡಿ?"

ಅವಳೇ ಮುಂದೆ ನಿಂತು ಸ್ಟುಡಿಯೋದವರ ಕೋಟು ಹಾಕಿಸಿದಳು. ಕೋಟು ಇಬ್ಬರು ತಾಯಪ್ಪಂದಿರಿಗೆ ಸಾಲುವಂತಿತ್ತು, ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ಪು ಹಾಕಿ ಬಿಗಿದರು. ಎಲ್ಲರದು ಅಂಗೈ ಅಗಲದ ಫೋಟೋ ಆದರೆ, ಮುದುಕಮ್ಮ ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಸಿದಳು.

ತಾಯಪ್ಪ ಊರಿಗೆ ಬಂದು, ನಾಚಿಕೊಂಡು, ಗೋಪಣ್ಣನಿಗೆ ಹೇಳಿ 'ಸ್ಟವ್ ದುರಸ್ತಿ ಸಲಹೆಗಾರರು' ಎಂದು ಬರೆಸಿದ. ಗೋಪಣ್ಣ ಬರೆದ. ಆಮೇಲೆ ಫೋಟೋ ಅಂಟಿಸಲು ಹೋದರೆ ಜಾಗ ಸಾಲದು. ಫೋಟೋ ಕತ್ತರಿಸಿದರೆ ತಾಯಪ್ಪನ ಕಿವಿ ಹೋಗುತ್ತದೆ. ಕಿವಿ ಉಳಿಸಬೇಕೆಂದು ಗೋಪಣ್ಣ 'ಸ್ಟವ್ ದುರಸ್ತಿ'ಯ ಮೇಲೆಯೇ ಅಂಟಿಸಿ ಊಟಕ್ಕೆ ಹೋದ. ಈಗ ಹಲಗೆಯ ಮೇಲೆ ಉಳಿದದ್ದು: ತಾಯಪ್ಪ, ಕೋಟು, ಸಲಹೆಗಾರರು.

ಮರುದಿನ ಕಟ್ಟೆಗೆ ಬಂದರೆ ಎಲ್ಲರೂ ಎದ್ದು ನಿಂತು ಕೈಕುಲುಕಿದರು.

"ಅಭಿನಂದನೆ ತಾಯಪ್ಪ, ಅಭಿನಂದನೆ!"

"ಯಾತಕ?"

"ಗೊತ್ತಿಲ್ಲ. ಎಲ್ಲಾರೂ ಹೇಳಾಕತ್ತಾರ, ಅದಕ ನಾನೂ ಹೇಳಿದೆ" ಎಂದ ಸೂಗಪ್ಪ.

ಮಧ್ಯಾಹ್ನಕ್ಕೆ ಜವಳಗೇರಾದ ರೈತನೊಬ್ಬ ಹಲಗೆ ಓದಿಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತ. ಅವನ ಎಮ್ಮೆ ಹಾಲು ಕೊಡುತ್ತಿರಲಿಲ್ಲ. ತಾಯಪ್ಪ, "ನಾ ಸ್ಟವ್..." ಎಂದು ಬಾಯಿ ತೆರೆದ. ರೈತ ಕೇಳಲಿಲ್ಲ. ಎಮ್ಮೆ ಕೊಂಡದ್ದು, ಅದರ ತಾಯಿಯ ಗುಣ, ಅದನ್ನು ಮಾರಿದವನ ಅವಗುಣ ಎಲ್ಲ ಹೇಳುತ್ತಾ ಹೋದ. ತಾಯಪ್ಪನ ಪಕ್ಕದಲ್ಲಿ ಕುಳಿತು ಇಷ್ಟು ಹೊತ್ತು ಯಾರೂ ಮಾತಾಡಿದ್ದಿಲ್ಲ. ಸ್ಟವ್ ವಿಷಯ ಹೇಳಿದರೆ ರೈತ ಎದ್ದು ಹೋಗುತ್ತಾನೆಂದು ಅವನು ಸುಮ್ಮನಾದ. ಕೊನೆಗೆ ರೈತ, "ನೀವ ಹೇಳ್ರಿ, ಏನ್ ಮಾಡ್ಲಿ?" ಅಂದಾಗ ಹೋಟೆಲಿನೊಳಗೆ ಓಡಿ ಬಾಬುಸಾಬನ ಕಿವಿಯಲ್ಲಿ ಕೇಳಿದ. ಬಾಬುಸಾಬ್ ಚಹಾ ಸೋಸುತ್ತಲೇ, "ಎರಡು ದಿನ ಬರೀ ಒಣ ಮೇವು ಹಾಕು ಅನ್ನು, ಮುಂಜಾನೆ ಮೈ ತಿಕ್ಕು ಅನ್ನು" ಎಂದ. ತಾಯಪ್ಪ ಬಂದು ಹಾಗೆಯೇ ಅಂದ. ರೈತ ಕೈಮುಗಿದು ಹೋದ.

ಮರುದಿನ ಬಂದವನದು ಬೇರೆ ಸಂಕಟ. ಜಾತ್ರೆಗೆಂದು ಬಂದ ಅವನ ಮಾವ ಹೋಳಿಗೆ ತಿನ್ನುತ್ತಾ ಕುಳಿತುಬಿಟ್ಟಿದ್ದ, ಹೊರಡುವ ಮಾತೇ ಇರಲಿಲ್ಲ. ಬಾಬುಸಾಬ್ ಸಂತೆಗೆ ಹೋಗಿದ್ದ. ತಾಯಪ್ಪನ ಹತ್ತಿರ ಇದ್ದದ್ದು ಒಂದೇ ಸಲಹೆ.

"ಎರಡು ದಿನ ಬರೀ ಒಣ ಮೇವು ಹಾಕ್ರಿ."

"ಮಾವಗ?"

ತಾಯಪ್ಪ ಬೆವೆತು, "ಅಂದ್ರ... ಒಣ ರೊಟ್ಟಿ" ಎಂದ.

ಮಾವ ಒಣ ರೊಟ್ಟಿಯನ್ನು ಒಂದು ಹೊತ್ತು ತಿಂದು, ಎರಡನೆಯ ಹೊತ್ತಿಗೆ ಬಸ್ಸು ಹತ್ತಿದ. ತಾಯಪ್ಪನ ಹೆಸರು ವಲಸೆ ಬಂದ ರೈತರ ಕ್ಯಾಂಪುಗಳಿಗೆ, ಹಳ್ಳಿಗಳಿಗೆಲ್ಲ ಹಬ್ಬಿತು.

ಆಮೇಲೆ ಮೈಸೂರು ಕಡೆಯಿಂದ ವರ್ಗವಾಗಿ ಬಂದ ಒಬ್ಬ ಅಧಿಕಾರಿ ಬಂದರು. ಯಾವ ಕಚೇರಿಯವರೆಂಬುದು ಇಲ್ಲಿ ಬೇಡ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಅಂದರು: "ನೋಡಿ ಸಾರ್, ಈ ಊರಲ್ಲಿ ನನ್ನ ಹತ್ತಿರ ಎಲ್ಲರೂ ಮಾತಾಡ್ತಾರೆ. ಆದರೆ ಅರ್ಜಿ ಇಲ್ಲದೆ ಒಬ್ಬರೂ ಬರಲ್ಲ. ನಿದ್ದೆ ಬರಲ್ಲ ಸಾರ್."

ತಾಯಪ್ಪ ಏನೋ ಹೇಳಬೇಕೆಂದಿದ್ದ. ಬಾಯಿಗೆ ಬಂದದ್ದು ಸಲಹೆಯ ಉಳಿದರ್ಧ.

"ಮುಂಜಾನೆ ಮೈ ತಿಕ್ಕ್ರಿ."

ಅಧಿಕಾರಿಗಳು ಎಣ್ಣೆ ಹಚ್ಚಿ ಮೈ ತಿಕ್ಕಿಕೊಂಡು, ಬಿಸಿನೀರು ಹೊಯ್ದುಕೊಂಡು, ಕಚೇರಿಯಲ್ಲೇ ಗಾಢವಾಗಿ ನಿದ್ದೆ ಹೋದರು. ಎದ್ದವರೇ, ಇಂಥವರಿಗೆ ದೊಡ್ಡದೊಂದು ಸನ್ಮಾನ ಆಗಲೇಬೇಕೆಂದು ಹೇಳಿಕಳಿಸಿದರು.

ಈ ಗದ್ದಲದಲ್ಲಿ ತಾಯಪ್ಪ ಒಂದು ವಿಷಯ ತಡವಾಗಿ ಗಮನಿಸಿದ. ಮಾರೆಮ್ಮ ಕರೆ ಕಳಿಸಿರಲಿಲ್ಲ. ವಾಶರ್ ಕೈಕೊಡುವ ದಿನ ದಾಟಿಹೋಗಿತ್ತು. ಅವನು ಡಬ್ಬಿ ಹಿಡಿದು ಟಾಕೀಸಿನ ಗೇಟಿಗೆ ಹೋದ. ಮಾರೆಮ್ಮ ಅವನನ್ನು ಕಂಡು ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಬರ್ರಿ."

ತಾಯಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಸ್ಟವ್..." ಎಂದ.

"ನಿಮ್ಮಂಥಾ ದೊಡ್ಡವರ ಕೈಗೆ ಮಸಿ ಹಚ್ಚಲೇನ್ರಿ? ಹೊಲಿಗಿ ಮಿಷನ್ ರಿಪೇರಿ ಮಾಡ್ತಾರಲ್ಲ ಮಹಮ್ಮದಸಾಬ, ಅವರಿಗೆ ಕೊಟ್ಟಿದ್ದೆ. ಚಹಾ ಕುಡಿಯೋದ್ರಾಗ ಮಾಡಿಕೊಟ್ರು."

ಭಜಿಯನ್ನು ಕಾಗದದಲ್ಲಲ್ಲ, ತಟ್ಟೆಯಲ್ಲಿ ಇಟ್ಟುಕೊಟ್ಟಳು. ಅವನು ನಿಂತೇ ತಿಂದ. ಆ ಸಂಜೆ ರೇಡಿಯೋದವರು ನಮಸ್ಕಾರ ಅಂದರು. ಖೋಲಿಯಿಂದ ಉತ್ತರ ಹೋಗಲಿಲ್ಲ. ದಾವಲ್‌ಬೀ ಗೋಡೆ ಬಡಿದು, "ಇವತ್ತ ಯಾರೂ ಬಂದಿಲ್ಲೇನಪ?" ಎಂದು ಕೇಳಿದಳು.

ಇತ್ತ ಮಾರೆಮ್ಮನ ಸ್ಟವ್ ಕೆಡಲಿಲ್ಲ. ದೀಪಾವಳಿ ಹೋಯಿತು, ಕೆಡಲಿಲ್ಲ. ಸಂಕ್ರಮಣ ಬಂತು, ಭುಸುಗುಡುತ್ತಾ ಉರಿಯುತ್ತಲೇ ಇತ್ತು. ಅದು ಉರಿದಷ್ಟೂ ಮಾರೆಮ್ಮನಿಗೆ ಅನುಮಾನ ಉರಿಯಿತು. ಮಹಮ್ಮದಸಾಬನನ್ನು ಹಿಡಿದು ಕೇಳಿದಳು. ಅವನು ನಕ್ಕು, "ಅಕ್ಕಾ, ಅದರಾಗ ಇದ್ದದ್ದು ಸ್ಟವಿನ ವಾಶರ್ ಅಲ್ಲ, ಹಳೇ ಚಪ್ಪಲಿ ಚರ್ಮ ಕತ್ತರಿಸಿ ಹಾಕ್ಯಾರ. ಬೇಕಂತನ ಮಾಡಿದ್ದು" ಅಂದ.

ಸನ್ಮಾನ ಪಕ್ಕದ ಊರು ಮಸ್ಕಿಯಲ್ಲಿ ಏರ್ಪಾಡಾಯಿತು. ಸಿಂಧನೂರಿನ ಕಟ್ಟೆ ಈಗ ಎಷ್ಟು ಬೆಳೆದಿತ್ತೆಂದರೆ, ಸಿಂಧನೂರಿನಲ್ಲಿ ಹಿಡಿಸುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಶಾಮಿಯಾನ, ಮೈಕು, ತೇಗದ ಸ್ಕೀಮಿನ ಬ್ಯಾನರು. ಅಧಿಕಾರಿಗಳು ಬಂದರು. ಮುದುಕಮ್ಮ ಲಿಂಗಸುಗೂರಿನಿಂದ ನೆಗೆಣ್ಣಿಯನ್ನು ಎಳೆದುಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕೂಡಿಸಿದ್ದಳು. ತಾಯಪ್ಪನಿಗೆ ಬಾಬುಸಾಬನ ಶಾಲು ಹೊದಿಸಿದರು. ಸೂಗಪ್ಪ ಮೈಕಿನ ಮುಂದೆ ನಿಂತ.

"ಈಗ ಸನ್ಮಾನಿತರ ಬಗ್ಗೆ ಅವರನ್ನ ಬಲ್ಲವರು ಯಾರರ ಎರಡು ಮಾತು ಆಡಬೇಕು."

ಯಾರೂ ಏಳಲಿಲ್ಲ. ಬಾವಿ ತೋಡುವವನು ಗೋಪಣ್ಣನನ್ನು ನೋಡಿದ, ಗೋಪಣ್ಣ ಏಜೆಂಟನನ್ನು ನೋಡಿದ, ಏಜೆಂಟ ಬ್ಯಾನರು ನೋಡಿದ. ಬಾಬುಸಾಬ್ ಊಟದ ಒಲೆಗಳ ಹತ್ತಿರ ಹೋಗಿದ್ದ. ಎಲ್ಲರನ್ನೂ ಬಲ್ಲ ಆ ಸಭೆಯಲ್ಲಿ ತಾಯಪ್ಪನ ಬಗ್ಗೆ ಒಂದು ಮಾತು ಗೊತ್ತಿದ್ದವರಿಲ್ಲ. ಅಕ್ಕ ಮುದುಕಮ್ಮ ಕೂಡ ಏನು ಹೇಳುವುದೆಂದು ತಿಳಿಯದೆ ತಾಳಿ ಸರ ತಿರುವಿದಳು. ಮೈಕು ಒಮ್ಮೆ ಕುಯ್ಯೆಂದಿತು. ತಾಯಪ್ಪ ಶಾಲಿನೊಳಗೆ ಇನ್ನಷ್ಟು ಸಣ್ಣವನಾದ.

"ನಾ ಬಲ್ಲೆ!"

ಎಲ್ಲರೂ ತಿರುಗಿದರು. ಶಾಮಿಯಾನದ ಹಿಂದಿನಿಂದ ಮಾರೆಮ್ಮ ಬರುತ್ತಿದ್ದಳು. ಸೊಂಟದ ಮೇಲೆ ಸ್ಟವ್ ಇತ್ತು. ಸೂಗಪ್ಪ ಸಂತೋಷದಿಂದ ಮೈಕು ಕೊಟ್ಟುಬಿಟ್ಟ.

"ಈತ ಸಲಹೆಗಾರ ಅಲ್ಲ, ಕಳ್ಳ! ಹತ್ತು ಹನ್ನೆರಡು ವರ್ಷ ನನ್ನ ಸ್ಟವಿಗೆ ಚಪ್ಪಲಿ ಚರ್ಮ ಹಾಕ್ಯಾನ. ಬೇಕಂತ ಕೆಡಸ್ಯಾನ. ಕೇಳ್ರಿ ಈತನ್ನ, ಹೌದೋ ಅಲ್ಲೋ?"

ಸಭೆ ತಾಯಪ್ಪನ ಕಡೆ ನೋಡಿತು.

"ಹೌದು" ಎಂದ ತಾಯಪ್ಪ.

"ಯಾಕ?"

ಅವನು ನೆಲ ನೋಡಿದ, ಅಕ್ಕನನ್ನು ನೋಡಿದ, ಕೊನೆಗೆ ಸ್ಟವ್ ನೋಡುತ್ತಾ ಹೇಳಿದ: "ಪೂರಾ ರಿಪೇರಿ ಮಾಡಿದ್ರ ನೀ ಮತ್ತ ಯಾಕ ಕರೀತಿದ್ದಿ?"

ಅವಳು ಮೈಕನ್ನು ಸೂಗಪ್ಪನ ಕೈಗೆ ತುರುಕಿದಳು. ಅಷ್ಟರಲ್ಲಿ ನೆಗೆಣ್ಣಿ ಎದ್ದು ನಿಂತು, "ಅಂದ್ರ ನಿನ್ನ ತಮ್ಮ ಸ್ಟವ್ ರಿಪೇರಿಯವನೇನ? ಮೊದಲ ಹೇಳಬಾರದೇನವ, ನಮ್ಮದೊಂದು ಎರಡು ತಿಂಗಳಿಂದ ಮೂಲ್ಯಾಗ ಬಿದ್ದೈತಿ" ಎಂದಳು. ಮುದುಕಮ್ಮ ಮುಖ ಮುಚ್ಚಿಕೊಂಡಳು. ಎಮ್ಮೆಯ ರೈತ ಎದ್ದು ತನ್ನ ಎಮ್ಮೆ ಇನ್ನೂ ಹಾಲು ಕೊಟ್ಟಿಲ್ಲವೆಂದು ಸಾರಿದ. ಏಜೆಂಟ ಸಭೆ ಕೈತಪ್ಪುವುದನ್ನು ಕಂಡು, ಊಟ ಸಿದ್ಧವಿದೆ ಎಂದು ಘೋಷಿಸಿದ. ಜನ ಎದ್ದುಹೋದರು. ಬಾಬುಸಾಬ್ ಮೆಲ್ಲಗೆ ಬಂದು, "ಭಾಯ್, ಬೇಜಾರ ಮಾಡ್ಕೋಬ್ಯಾಡ, ಸೋಮವಾರ ಬೇರೆಯವರದೈತಿ" ಎಂದು ಶಾಲು ಬಿಚ್ಚಿಕೊಂಡು ಮಡಚಿದ. ಅಧಿಕಾರಿಗಳು ಮಾತ್ರ ಕುರ್ಚಿಯಲ್ಲೇ ಕುಳಿತಿದ್ದರು. ಅವರು ತಾಯಪ್ಪನನ್ನು ನೋಡಿ ಏನೋ ಅರ್ಥವಾದವರಂತೆ ತಲೆಯಾಡಿಸಿ, ಊಟ ಮಾಡದೆ ಜೀಪು ಹತ್ತಿದರು.

ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಮಾರೆಮ್ಮ ಮುಂದೆ, ಹೆಂಗಸರ ಸೀಟಿನಲ್ಲಿ. ತಾಯಪ್ಪ ಹಿಂದೆ, ಭತ್ತದ ಚೀಲದ ಮೇಲೆ. ಬಳಗಾನೂರು ಕ್ರಾಸಿನಲ್ಲಿ ಅರ್ಧ ಬಸ್ಸು ಇಳಿಯಿತು. ಅವಳು ತಿರುಗಿ ನೋಡಲಿಲ್ಲ. ಸಿಂಧನೂರಿನಲ್ಲಿ ಇಳಿದ ಮೇಲೆ ಸ್ಟವ್ ನೆಲಕ್ಕಿಟ್ಟು ಅವನಿಗಾಗಿ ನಿಂತಳು.

"ಏ ತಾಯಪ್ಪ. ಮಾತು ಬೇಕಾಗಿತ್ತಂದ್ರ ಸುಮ್ನ ಬಂದು ಕುಂದ್ರಬೇಕಪ. ಸ್ಟವ್ ಯಾಕ ಕೆಡಸಬೇಕು?"

"ಕೆಲಸ ಇಲ್ದ ಹೆಂಗ ಬರ್ಲಿ?"

"ಕಾಲಿಲೇ ನಡಕೊಂತ ಬಾ!" ಎಂದು ಬೈದು, ಸ್ಟವ್ ಎತ್ತಿಕೊಂಡು ಹೋದಳು.

ಆ ವಾರವೇ ತಾಯಪ್ಪನ ಫೋಟೋ ಹಲಗೆಯಿಂದ ಇಳಿಯಿತು. ಅದರ ಜಾಗಕ್ಕೆ ಹೊಸ ಎಸ್‌ಟಿಡಿ ಬೂತಿನ ಜಾಹೀರಾತು ಬಂತು. ಸ್ವಲ್ಪ ದಿನದಲ್ಲಿ ಹಲಗೆ ಪೂರಾ ಜಾಹೀರಾತೇ ಆಯಿತು. ಕೆಲಸ ಬೇಕಾದವರು ಗರಗಸ, ಕರಣೆ ಹಿಡಿದು ಗಿರಣಿಗಳ ಹತ್ತಿರದ ಬೇವಿನ ಗಿಡದ ಕೆಳಗೆ ಹೋಗಿ ಕೂಡತೊಡಗಿದರು. ಕಟ್ಟೆಯ ಮೇಲೆ ಇಸ್ತ್ರಿ ಅಂಗಿಯವರು ಉಳಿದರು.

ತಾಯಪ್ಪ ಎರಡು ದಿನ ಯೋಚಿಸಿ ಮೂರನೆಯ ದಿನ ಟಾಕೀಸಿನ ಗೇಟಿಗೆ ಹೋದ, ಡಬ್ಬಿ ಇಲ್ಲದೆ. ಮಾರೆಮ್ಮ ಕಾಲಿನಿಂದ ಒಂದು ಎಣ್ಣೆ ಡಬ್ಬಿ ಸರಿಸಿದಳು. ಅದರ ಮೇಲೆ ಕುಳಿತ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟ, ಕಂಕುಳಲ್ಲಿಟ್ಟ, ಮತ್ತೆ ತೊಡೆಯ ಮೇಲಿಟ್ಟ. ಒಂದು ಬಾಣಲೆ ಭಜಿ ಕರಿದು ಮುಗಿಯಿತು. ಎರಡನೆಯದೂ ಮುಗಿಯಿತು. ಸ್ಟವ್ ಚೆನ್ನಾಗಿ ಉರಿಯುತ್ತಿದ್ದುದರಿಂದ ಮಾತಿಗೆ ಒಂದೂ ವಿಷಯವಿರಲಿಲ್ಲ.

"ಮಾತಿಗೆ ಬಂದಾನಂತ, ಮಾತಾಡವಲ್ಲ" ಎಂದು ಮಾರೆಮ್ಮ ಮೆಣಸಿನಕಾಯಿಗೆ ಹೇಳಿದಳು.

ತಾಯಪ್ಪ ಗಂಟಲು ಸರಿಮಾಡಿಕೊಂಡ. ಬಹಳ ಕಷ್ಟಪಟ್ಟು ಕೇಳಿದ:

"ನಿನ್ನ ತವರೂರು ಯಾವುದು?"

ಮಾರೆಮ್ಮನ ಕೈ ಬಾಣಲೆಯ ಮೇಲೆ ನಿಂತಿತು. ಇಷ್ಟು ವರ್ಷಗಳಲ್ಲಿ ಇದನ್ನು ಟಾಕೀಸಿನ ಗಿರಾಕಿಗಳು ಕೇಳಿರಲಿಲ್ಲ, ಊರಿನವರು ಕೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಅವಳು ಊರ ಹೆಸರು ಹೇಳಿದಳು. ಆಮೇಲೆ ಅಲ್ಲಿಯ ಹಳ್ಳ, ಹಳ್ಳದ ದಂಡೆಯ ಮನೆ, ಎಲ್ಲರನ್ನೂ ಹಾಯುತ್ತಿದ್ದ ಒಂದು ಟಗರು, ಅದನ್ನು ಮಾರಿ ಬಂದ ಅಪ್ಪ ಆ ರಾತ್ರಿ ಉಣ್ಣದೆ ಮಲಗಿದ್ದು, ಒಂದರ ಹಿಂದೆ ಒಂದು ಬರತೊಡಗಿದವು. ತಾಯಪ್ಪ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಸಲಹೆ ಯಾರೂ ಕೇಳಲಿಲ್ಲ, ಅವನು ಕೊಡಲೂ ಇಲ್ಲ.

ಅಂದು ಸಂಜೆಯ ಆಟ ನೋಡಿ ಹೊರಬಂದವರಿಗೆಲ್ಲ ಕಪ್ಪಗೆ ಸೀದ ಭಜಿ ಸಿಕ್ಕವು. ಕೇಳಿದರೆ ಮಾರೆಮ್ಮ, "ತಿನ್ನಂಗಿದ್ರ ತಿನ್ರಿ, ಇಲ್ಲಾ ಹೋಗ್ರಿ, ಇಲ್ಲೆ ಮಾತಾಡಾಕತ್ತೀವಿ" ಎಂದಳು.